ಮೊದಲು ಕಾರು, ಆಮೇಲೆ ಎಂಜಿನ್

(ಆಕ್ಸ್‌ಫರ್ಡ್ ಕಡೆಯ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾಗಿಲಲ್ಲೇ ಮೂರ್ನಾಲ್ಕು ಜನ ಕೇಳಿದರು, "ಎಂಜಿನ್ ಕೂರಿಸಿ ಆಯ್ತಾ?" ಅಂತ. ಇನ್ನೂ ಇಲ್ಲ. ನನ್ನ ಹಳೇ ಎಂಜಿ ಸ್ಪೋರ್ಟ್ಸ್ ಕಾರಿಗೆ ಹಾಕಬೇಕು ಅಂತ ತಂದ ದೊಡ್ಡ ಎಂಜಿನ್ ಅದು. ಮನೆಗೆ ಬಂದು ಎರಡು ವರ್ಷವಾಯಿತು. ಗ್ಯಾರೇಜಿನ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಕೂತಿದೆ. ಪಕ್ಕದಲ್ಲೇ ಕಾರು, ನಾಲ್ಕು ಸ್ಟ್ಯಾಂಡಿನ ಮೇಲೆ. ಈ ಎರಡು ವರ್ಷದಲ್ಲಿ ನಾನು ತುಕ್ಕು ಕತ್ತರಿಸಿದ್ದೇನೆ, ಬ್ರೇಕ್ ಪೈಪ್ ಬದಲಿಸಿದ್ದೇನೆ, ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸಿದ್ದೇನೆ. ನೋಡಿದವರಿಗೆ ಇದಕ್ಕೂ ಎಂಜಿನ್ನಿಗೂ ಏನು ಸಂಬಂಧ ಅನಿಸುತ್ತದೆ. ನನ್ನ ಪ್ರಕಾರ ಎಂಜಿನ್ ಬದಲಿಸುವ ಕೆಲಸ ಅಂದರೆ ಇದೇ. ಎಂಜಿನ್ ಎತ್ತಿ ಒಳಗಿಡೋದು ಒಂದು ಶನಿವಾರದ ಕೆಲಸ. ಅದನ್ನು ತಡೆದುಕೊಳ್ಳುವ ಹಾಗೆ ಕಾರನ್ನು ತಯಾರು ಮಾಡೋದು ವರ್ಷಗಟ್ಟಲೆಯ ಕೆಲಸ.

ನಮ್ಮ ತಾತ ಊರಲ್ಲಿ ಎತ್ತಿನ ಜೋಡಿ ಬದಲಿಸಿದಾಗಲೆಲ್ಲ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ನೊಗ ಅಲ್ಲಾಡಿಸಿ ನೋಡುತ್ತಿದ್ದರು. ಕಡಾಣಿ ಮುಟ್ಟಿ ನೋಡುತ್ತಿದ್ದರು. ಹಳೇ ಎತ್ತಿಗೆ ಸಾಕಾಗಿದ್ದ ಗಾಡಿ ಹೊಸ ಎತ್ತಿಗೂ ಸಾಕಾಗುತ್ತೆ ಅಂತ ಅವರು ಯಾವತ್ತೂ ನಂಬಲಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಅವರ ಆ ಕೈ ಎಷ್ಟೋ ಸಲ ಕಣ್ಣ ಮುಂದೆ ಬಂದಿದೆ.

ಕಾರು ಯಾವುದು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 1971ರ ಎಂಜಿಬಿ ಜಿಟಿ. ಈಚೆಗೆ ಬೆಂಗಳೂರಿನಿಂದ ಬಂದವರಿಗೆ ಎಂಜಿ ಅಂದರೆ ಹೆಕ್ಟರ್ ನೆನಪಾಗಬಹುದು, 2019ರಲ್ಲಿ ಅಲ್ಲಿ ಮಾರಾಟಕ್ಕೆ ಬಂತಲ್ಲ, ಅದು. ಆದರೆ ಆ ಎರಡು ಅಕ್ಷರ ಹುಟ್ಟಿದ್ದು ಇದೇ ಊರಲ್ಲಿ. ಮಾರಿಸ್ ಗ್ಯಾರೇಜಸ್ ಅನ್ನೋದರ ಮೊದಲಕ್ಷರಗಳು ಅವು. ಲಾಂಗ್‌ವಾಲ್ ಸ್ಟ್ರೀಟ್‌ನಲ್ಲಿ ನಡೆದು ಹೋದರೆ ಆ ಹಳೇ ಗ್ಯಾರೇಜಿನ ಮುಂಭಾಗ ಈಗಲೂ ಕಾಣುತ್ತದೆ. 1929ರಲ್ಲಿ ಕಾರ್ಖಾನೆ ಇಲ್ಲಿಂದ ಏಳೆಂಟು ಮೈಲಿ ದೂರದ ಆಬಿಂಗ್ಡನ್‌ಗೆ ಹೋಯಿತು. 1980ರಲ್ಲಿ ಮುಚ್ಚುವವರೆಗೂ ಅಲ್ಲೇ ಇತ್ತು. ಎಂಜಿಬಿ ಅಲ್ಲಿ 1962ರಿಂದ ಕೊನೆಯವರೆಗೂ ತಯಾರಾಯಿತು, 5 ಲಕ್ಷಕ್ಕೂ ಜಾಸ್ತಿ. ಮೊದಲು ಬಂದಿದ್ದು ತೆರೆದ ಕಾರು. 1965ರಲ್ಲಿ ಟಾಪ್ ಇರುವ ಜಿಟಿ ಬಂತು.

ಅದರ ಎಂಜಿನ್ 1798 ಸಿಸಿ, ನಾಲ್ಕು ಸಿಲಿಂಡರ್, ಬೀಡು ಕಬ್ಬಿಣದ್ದು, ಸುಮಾರು 95 ಹಾರ್ಸ್‌ಪವರ್. ಗಟ್ಟಿ ಎಂಜಿನ್. ಅದರ ಬಗ್ಗೆ ನನಗೆ ಒಂದು ದೂರೂ ಇಲ್ಲ. ಆದರೆ ಈ ಕಾರಿಗೆ ಇನ್ನೂ ಸ್ವಲ್ಪ ಶಕ್ತಿ ಇದ್ದಿದ್ದರೆ ಅನ್ನುವ ಆಸೆ ಅದು ಬಂದ ದಿನದಿಂದಲೂ ಜನಕ್ಕಿತ್ತು. ಕಾರ್ಖಾನೆಗೇ ಇತ್ತು.

ಕಾರ್ಖಾನೆ ಮೊದಲು ಮಾಡಿದ ಪ್ರಯತ್ನ ನೋಡಿ. 1967ರಲ್ಲಿ ಎಂಜಿಸಿ ಅಂತ ತಂದರು. ಅದೇ ಬಾಡಿ, ಒಳಗೆ 2912 ಸಿಸಿಯ ಆರು ಸಿಲಿಂಡರ್. ಸುಮಾರು 145 ಹಾರ್ಸ್‌ಪವರ್. ಕಾಗದದಲ್ಲಿ ಚೆನ್ನಾಗಿದೆ. ಆದರೆ ಅದೂ ಬೀಡು ಕಬ್ಬಿಣ. ಹಳೇ ಎಂಜಿನ್‌ಗಿಂತ ಸುಮಾರು 95 ಕಿಲೋ ಜಾಸ್ತಿ ಭಾರ, ಅಷ್ಟೂ ಮುಂದಿನ ಚಕ್ರಗಳ ಮೇಲೆ. ಅದನ್ನು ಕೂರಿಸೋಕೆ ಮುಂದಿನ ಸಸ್ಪೆನ್ಷನ್ನನ್ನೇ ಬೇರೆ ಮಾಡಬೇಕಾಯಿತು, ಬಾನೆಟ್ಟಿಗೆ ಉಬ್ಬು ಬಂತು. ಪತ್ರಿಕೆಯವರು ಓಡಿಸಿ ನೋಡಿ "ಮೂತಿ ಭಾರ" ಅಂದರು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ಹೊರಗಡೆಗೇ ಹೋಗಲು ನೋಡುತ್ತದೆ ಅಂತ. 1969ಕ್ಕೆ ನಿಲ್ಲಿಸಿಬಿಟ್ಟರು. ಇವತ್ತು ಸರಿಯಾಗಿ ಹೊಂದಿಸಿದ ಎಂಜಿಸಿ ಓಡಿಸಿದವರು ಅದು ಅಷ್ಟು ಕೆಟ್ಟ ಕಾರಲ್ಲ ಅನ್ನುತ್ತಾರೆ. ನಾನೂ ಒಪ್ಪುತ್ತೇನೆ. ಆದರೂ ಹಳೇ ಕಾರಿಗೆ ದೊಡ್ಡ ಎಂಜಿನ್ ಹಾಕಬೇಕು ಅಂತ ಹೊರಟವರು ಮೊದಲು ತಕ್ಕಡಿ ನೋಡಬೇಕು, ಹಾರ್ಸ್‌ಪವರ್ ಆಮೇಲೆ ನೋಡಬೇಕು ಅಂತ ನನಗೆ ಕಲಿಸಿದ್ದು ಈ ಕಾರೇ.

ಇನ್ನೊಂದು ಎಂಜಿನ್ನಿನ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಬ್ಯೂಕ್ ಕಂಪನಿ 1961ರಲ್ಲಿ ಅಲ್ಯೂಮಿನಿಯಂ ವಿ8 ಒಂದನ್ನು, ಅಂದರೆ ಎಂಟು ಸಿಲಿಂಡರ್‌ಗಳು ವಿ ಆಕಾರದಲ್ಲಿರುವ ಎಂಜಿನ್ನನ್ನು, ತಂದಿತು. ಮೂರು ವರ್ಷಕ್ಕೆ ಕೈಬಿಟ್ಟಿತು. ಇಂಗ್ಲೆಂಡಿನ ರೋವರ್ ಕಂಪನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಅಮೆರಿಕಕ್ಕೆ ಹೋಗಿದ್ದಾಗ, ದೋಣಿ ಎಂಜಿನ್ ಮಾಡುವ ಕಾರ್ಖಾನೆಯೊಂದರಲ್ಲಿ ಅದು ಅವರ ಕಣ್ಣಿಗೆ ಬಿತ್ತು. 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತು. 3528 ಸಿಸಿ, ಎಂಟು ಸಿಲಿಂಡರ್. ತೂಕ ಮಾತ್ರ ಎಂಜಿಬಿಯ ನಾಲ್ಕು ಸಿಲಿಂಡರ್ ಎಂಜಿನ್‌ಗಿಂತ ಜಾಸ್ತಿ ಇಲ್ಲ. ಈ ಒಂದು ಮಾತಿನಲ್ಲೇ ಎಲ್ಲ ಇದೆ. ಎಂಟು ಸಿಲಿಂಡರ್ ಬರುತ್ತದೆ, ಮೂತಿ ಭಾರವಾಗುವುದಿಲ್ಲ.

1970ರ ಹೊತ್ತಿಗೆ ಕೆನ್ ಕಾಸ್ಟೆಲ್ಲೋ ಅನ್ನುವ ರೇಸ್ ಚಾಲಕ ತಾನೇ ಇದನ್ನು ಎಂಜಿಬಿಯಲ್ಲಿ ಕೂರಿಸಿ ಮಾರಲು ಶುರು ಮಾಡಿದ್ದರು. ಕಾರ್ಖಾನೆಯವರು ಆ ಕಾರನ್ನು ತರಿಸಿ ನೋಡಿದರು. 1973ರಲ್ಲಿ ಅವರದೇ ಎಂಜಿಬಿ ಜಿಟಿ ವಿ8 ಬಂತು. 137 ಹಾರ್ಸ್‌ಪವರ್. ಟಾರ್ಕ್, ಅಂದರೆ ತಿರುಗಿಸುವ ಬಲ, ಹಳೆಯದರ ಒಂದೂಮುಕ್ಕಾಲು ಪಟ್ಟು. ಅದೇ ವರ್ಷದ ಅಕ್ಟೋಬರಿನಲ್ಲಿ ತೈಲ ಬಿಕ್ಕಟ್ಟು ಶುರುವಾಯಿತು. 1976ರವರೆಗೆ ಒಟ್ಟು 2591 ಕಾರು ಮಾಡಿ ನಿಲ್ಲಿಸಿದರು.

ನನಗೆ ಬೇಕಾಗಿದ್ದು ಆ 2591ರಲ್ಲಿ ಒಂದಲ್ಲ. ಅದನ್ನು ಕೊಳ್ಳುವ ಶಕ್ತಿಯೂ ನನಗಿಲ್ಲ. ನನಗೆ ಬೇಕಾಗಿದ್ದು ಅವರು ಏನೇನು ಬದಲಿಸಿದರು ಅನ್ನುವ ವಿವರ. ಆ ಕಾಲದ ಆಬಿಂಗ್ಡನ್ ಎಂಜಿನಿಯರುಗಳು ದುಡ್ಡಿನ ವಿಷಯದಲ್ಲಿ ಕೈ ಬಿಗಿ ಹಿಡಿದೇ ಕೆಲಸ ಮಾಡಬೇಕಿತ್ತು. ಬೇಕಿಲ್ಲದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಹಾಗಾಗಿ ಅವರು ಏನನ್ನಾದರೂ ಮುಟ್ಟಿದ್ದಾರೆ ಅಂದರೆ ಅದು ಬೇಕೇ ಬೇಕಿತ್ತು ಅಂತ ಅರ್ಥ. ಬ್ರೇಕಿನ ಡಿಸ್ಕ್ ದಪ್ಪ ಮಾಡಿದರು. ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದರು. ಆಕ್ಸಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗೋಕೆ ಗೇರ್‌ಬಾಕ್ಸಿನಿಂದ ಬರುವ ಕಂಬಿ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ, ಬದಲಿಸಿದರು. ರೇಡಿಯೇಟರ್ ಮುಂದೆ ತಳ್ಳಿ ಎರಡು ಕರೆಂಟ್ ಫ್ಯಾನ್ ಕೊಟ್ಟರು. ಸೈಕಲ್ ಚಕ್ರದ ಹಾಗೆ ಕಡ್ಡಿಗಳಿರುವ ತಂತಿ ಚಕ್ರ ಕೊಡಲೇ ಇಲ್ಲ. ಇನ್ನೊಂದು ಗಮನಿಸಿ: ವಿ8 ಅನ್ನು ಅವರು ಟಾಪ್ ಇರುವ ಜಿಟಿಯಲ್ಲಿ ಮಾತ್ರ ಮಾರಿದರು, ತೆರೆದ ಕಾರಿನಲ್ಲಿ ಮಾರಲಿಲ್ಲ.

ಇಲ್ಲಿಂದ ನನ್ನ ಕಾರಿಗೆ ಬರುತ್ತೇನೆ.

ಮಾರಿದವರು "ಪೂರ್ತಿ ರಿಸ್ಟೋರ್ ಆಗಿದೆ" ಅಂದಿದ್ದರು. ಬಿಲ್ಲುಗಳ ದಪ್ಪ ಫೈಲ್ ಕೊಟ್ಟರು. ಪೇಂಟ್ ಕನ್ನಡಿಯ ಹಾಗಿತ್ತು. ಮನೆಗೆ ತಂದ ಮೂರನೇ ದಿನ ಮಗಳ ಫ್ರಿಜ್ ಮ್ಯಾಗ್ನೆಟ್ ತಗೊಂಡೆ. ಪೇಂಟ್ ಕೆರೆಯಬಾರದು ಅಂತ ಅದಕ್ಕೊಂದು ತೆಳು ಬಟ್ಟೆ ಸುತ್ತಿದೆ. ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಎಳೆಯುತ್ತಾ ಹೋದೆ. ಮುಂದೆ ಅಂಟಿತು. ಮಧ್ಯದಲ್ಲಿ ಅಂಟಿತು. ಹಿಂದಿನ ಚಕ್ರದ ಹತ್ತಿರ ಒಂದು ಗೇಣು ಜಾಗದಲ್ಲಿ ಕೈ ಬಿಟ್ಟರೆ ಕೆಳಗೆ ಬಿತ್ತು. ಮತ್ತೆ ಇಟ್ಟೆ. ಮತ್ತೆ ಬಿತ್ತು. ಕೆಳಗೆ ಮಲಗಿ, ಸ್ಕ್ರೂಡ್ರೈವರ್ ತುದಿ ಇಟ್ಟು ಸುಮ್ನೆ ಒತ್ತಿದೆ. ಬಿಸ್ಕೆಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಎರಡು ಬೆರಳು ದಪ್ಪದ ಪುಟ್ಟಿ ಒಂದು ಹೆಂಟೆಯ ಹಾಗೆ ಕಳಚಿ ಎದೆಯ ಮೇಲೆ ಬಿತ್ತು. ಅದರ ಹಿಂದೆ ತಗಡು ಇರಲಿಲ್ಲ. ಮಡಚಿ ತುರುಕಿದ ಹಳೇ ಪತ್ರಿಕೆ ಇತ್ತು, ತೇವಕ್ಕೆ ಗಂಜಿಯಾಗಿತ್ತು.

ಬೇಜಾರಾಯಿತು ಅಂದರೆ ಕಡಿಮೆ. ಆ ರಾತ್ರಿ ಊಟ ಸೇರಲಿಲ್ಲ. ದುಡ್ಡು ಹೋಯಿತು ಅನ್ನೋದಕ್ಕಿಂತ, ಆ ಕಾರಿನಲ್ಲಿ ನಾನು ಮಗಳನ್ನು ಕೂರಿಸಿಕೊಂಡು ಮೋಟಾರ್‌ವೇ ಮೇಲೆ 200 ಮೈಲಿ ಬಂದಿದ್ದೆ.

ಈ ಸಿಲ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಂಜಿಬಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಾಗಾದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇಡೀ ಭಾರ ಹೊರೋದು ಯಾರು? ಬಹುಪಾಲು ಈ ಎರಡು ಸಿಲ್‌ಗಳೇ, ಅಂದರೆ ಕಾರಿನ ಹೊಸ್ತಿಲುಗಳು. ಹೊರಗೆ ಕಾಣೋದು ಒಂದು ತಗಡು. ಅದರ ಹಿಂದೆ ನೆಟ್ಟಗೆ ನಿಂತ ಇನ್ನೊಂದು. ಅದರ ಹಿಂದೆ ಒಳಗಿನ ಸಿಲ್. ಕೆಳಗಡೆ ಇವನ್ನೆಲ್ಲ ಹಿಡಿದಿರುವ ಒಂದು ಉದ್ದನೆಯ ಪಟ್ಟಿ, ಕ್ಯಾಸಲ್ ರೈಲ್ ಅನ್ನುತ್ತಾರೆ. ಇವೆಲ್ಲ ಸೇರಿದರೆ ಒಂದು ಮುಚ್ಚಿದ ಪೆಟ್ಟಿಗೆ. ಬೆಂಕಿಪೊಟ್ಟಣ ನೆನೆಸಿಕೊಳ್ಳಿ. ಮುಚ್ಚಿದ್ದಾಗ ತಿರುಚಿ ನೋಡಿ, ತಿರುಗೋದಿಲ್ಲ. ಒಳಗಿನ ಟ್ರೇ ತೆಗೆದು ತಿರುಚಿ, ಮಡಚಿಯೇ ಹೋಗುತ್ತದೆ. ತುಕ್ಕು ಆ ಟ್ರೇಯನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಪೇಂಟ್ ಹೊಳೆಯುತ್ತಾ ಇರುತ್ತದೆ.

ಹಳೇ 95 ಹಾರ್ಸ್‌ಪವರ್ ಎಂಜಿನ್ ಇದ್ದಾಗ ಇಂಥ ಕಾರು ಹೇಗೋ ಓಡುತ್ತದೆ. ವಿ8 ಹಾಕಿ ಕ್ಲಚ್ ಬಿಟ್ಟರೆ? ಎಂಜಿನ್ ತನ್ನ ಜಾಗದಲ್ಲಿ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹಿಂದೆ ಆಕ್ಸಲ್ ಇನ್ನೊಂದು ರೀತಿ ತಿರುಚುತ್ತದೆ. ನಡುವೆ ಸಿಕ್ಕಿಬೀಳೋದು ಈ ಬಾಡಿ. ಹೋದವಾರ ಒಬ್ಬರು ಫೋನ್ ಮಾಡಿ, "ಮೊದಲು ಎಂಜಿನ್ ಹಾಕ್ಬಿಡ್ತೀನಿ, ಸಿಲ್ ಆಮೇಲೆ ನೋಡ್ಕೊಳ್ತೀನಿ" ಅಂದರು. ದಯವಿಟ್ಟು ಹಾಗೆ ಮಾಡಬೇಡಿ ಅಂತ ಕೈ ಮುಗಿದು ಕೇಳಿಕೊಂಡೆ. ನಿಮಗೂ ಅದನ್ನೇ ಹೇಳುತ್ತೇನೆ.

ಬಾಡಿ ಗಟ್ಟಿಯಿದೆಯಾ ಅಂತ ನೋಡೋಕೆ ದೊಡ್ಡ ಸಾಮಾನೇನೂ ಬೇಕಿಲ್ಲ. ಬಾಗಿಲ ಹಿಂದಿನ ಅಂಚಿಗೂ ಬಾಡಿಗೂ ನಡುವಿನ ಸಂದಿಯನ್ನು ಮೇಲ್ಗಡೆ ಅಳೆಯಿರಿ. ಒಂದು ನಾಣ್ಯ ಸಾಕು. ಎಷ್ಟು ಸಲೀಸಾಗಿ ಹೋಗುತ್ತದೆ ನೋಡಿ. ಆಮೇಲೆ ಕಾರಿನ ಮುಂಭಾಗವನ್ನು ಜಾಕ್ ಹಾಕಿ ಎತ್ತಿ, ಮತ್ತೆ ಅದೇ ನಾಣ್ಯ ಹಿಡಿಯಿರಿ. ನಾಣ್ಯ ಸಿಕ್ಕಿಕೊಂಡರೆ, ಬಾಗಿಲು ಮುಚ್ಚೋಕೆ ಕಷ್ಟವಾದರೆ, ಕಾರು ನಡುವೆ ಬಾಗುತ್ತಿದೆ ಅಂತ ಅರ್ಥ. ನನ್ನ ಕಾರಿನಲ್ಲಿ ಎಡಗಡೆ ಬಾಗಿಲು ತೆಗೆಯೋಕೇ ಆಗಲಿಲ್ಲ.

ಸಿಲ್ ಬದಲಿಸುವಾಗ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಹಳೇ ತುಕ್ಕಿನ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡೋದು. ನೋಡೋಕೆ ಹೊಸದು, ಒಳಗೆ ಏನೂ ಇಲ್ಲ. ಸಿಲ್‌ನ ಮುಂದಿನ ತುದಿ ಮುಂದಿನ ರೆಕ್ಕೆಯ, ಅಂದರೆ ಚಕ್ರದ ಮೇಲಿನ ತಗಡಿನ, ಕೆಳಗೆ ಅಡಗಿರುತ್ತದೆ. ರೆಕ್ಕೆ ಬಿಚ್ಚದೆ ಮಾಡಿದ ಸಿಲ್ ಕೆಲಸವನ್ನು ನಾನು ನಂಬೋದಿಲ್ಲ. ಇನ್ನೊಂದು ತಪ್ಪು, ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕೊಡದೆ ಹಳೇ ಸಿಲ್ ಕತ್ತರಿಸೋದು. ಕತ್ತರಿಸಿದ ಕೂಡಲೇ ಕಾರು ಒಂದೆರಡು ಮಿಲಿಮೀಟರ್ ಕುಸಿಯುತ್ತದೆ. ಆ ಕುಸಿದ ಆಕಾರಕ್ಕೇ ಹೊಸ ಸಿಲ್ ವೆಲ್ಡ್ ಆಗುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರೋದಿಲ್ಲ. ನಾನು ಮೊದಲು ಚೌಕ ಕೊಳವೆಯ ಅಡ್ಡಪಟ್ಟಿ ಕೊಟ್ಟೆ. ಒಂದು ಕಡೆ ಪೂರ್ತಿ ಮುಗಿಸಿ, ಬಾಗಿಲು ಹಾಕಿ ತೆಗೆದು ನೋಡಿ, ಆಮೇಲಷ್ಟೇ ಇನ್ನೊಂದು ಕಡೆ ಮುಟ್ಟಿದೆ. ಒಂದೊಂದು ಕಡೆಗೆ ನಾಲ್ಕು ತಿಂಗಳು ಹಿಡಿಯಿತು, ಶನಿವಾರ ಭಾನುವಾರ ಮಾತ್ರ ಕೆಲಸ.

ಹೊಸ ತಗಡು ಸಿಗೋದೇ ನಮ್ಮ ಪುಣ್ಯ. ಎಂಜಿಬಿಯ ಮೂಲ ಅಚ್ಚುಗಳು ಉಳಿದಿದ್ದರಿಂದ 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಸಂಸ್ಥೆ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಕೊಡಲು ಶುರು ಮಾಡಿತು. ಅರವತ್ತರ ದಶಕದ ಎಷ್ಟು ಕಾರುಗಳಿಗೆ ಈ ಭಾಗ್ಯ ಇದೆ ಹೇಳಿ?

ಈಗ ಬ್ರೇಕ್.

ಕಾರಿನ ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. 60 ಮೈಲಿಯಿಂದ ನಿಲ್ಲಿಸೋದಕ್ಕೂ 90ರಿಂದ ನಿಲ್ಲಿಸೋದಕ್ಕೂ ಅಷ್ಟು ವ್ಯತ್ಯಾಸ. ಅದೆಲ್ಲ ಬಿಸಿಯಾಗಿ ಡಿಸ್ಕಿಗೆ ಹೋಗುತ್ತದೆ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಕಾದ ಮೇಲೆ ಹಿಡಿತ ಬಿಡುತ್ತದೆ. ಅದಕ್ಕೇ ಕಾರ್ಖಾನೆಯವರು ಡಿಸ್ಕ್ ದಪ್ಪ ಮಾಡಿದ್ದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ದೊಡ್ಡದು ಮಾಡಿದ್ದು. ನಾನೂ ಅದೇ ದಾರಿ ಹಿಡಿದೆ.

ಆದರೆ ಡಿಸ್ಕಿಗಿಂತ ನನ್ನನ್ನು ಹೆದರಿಸಿದ್ದು ಒಂದು ರಬ್ಬರ್ ಹೋಸ್. ಮುಂದಿನ ಬಲ ಚಕ್ರ ಯಾವಾಗಲೂ ಸ್ವಲ್ಪ ಬಿಸಿ ಇರುತ್ತಿತ್ತು. ಪೆಡಲ್ ಬಿಟ್ಟರೂ ಪ್ಯಾಡ್ ಬಿಡುತ್ತಿರಲಿಲ್ಲ. ಕ್ಯಾಲಿಪರ್ ಸಿಕ್ಕಿಕೊಂಡಿದೆ ಅಂದುಕೊಂಡು ಬಿಚ್ಚಿ ತೊಳೆದೆ. ಮತ್ತೆ ಅದೇ ಕಥೆ. ಕೊನೆಗೆ ಹೋಸ್ ಬಿಚ್ಚಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಒಂದು ಬಿರುಕೂ ಇಲ್ಲ. ಒಳಗಿನ ರಬ್ಬರ್ ಉಬ್ಬಿ ದಾರ ಹೋಗುವಷ್ಟೇ ತೂತು ಉಳಿದಿತ್ತು. ಕಾಲಿನ ಬಲಕ್ಕೆ ಎಣ್ಣೆ ಆ ಕಡೆ ಹೋಗುತ್ತದೆ, ತಾನಾಗಿ ವಾಪಸು ಬರೋಕೆ ಬಲ ಸಾಲದು. ನನ್ನ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಸರ್ಕ್ಯೂಟ್ ಬೇರೆ. ಒಂದು ಕಡೆ ಹೋಸ್ ಒಡೆದರೆ ನಾಲ್ಕೂ ಹೋದ ಹಾಗೆ. ಈಗ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ, ಹಾಕಿದ್ದೇನೆ. ಪೈಪುಗಳೆಲ್ಲ ಹೊಸವು. ಇಡೀ ಕಾರಿನಲ್ಲಿ ಒಂದೇ ಒಂದು ಕೆಲಸಕ್ಕೆ ದುಡ್ಡಿದೆ ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ಮಾಡಿ ಅನ್ನುತ್ತೇನೆ.

ಟೈರ್ ಬಗ್ಗೆ ಒಂದೇ ಮಾತು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2308 ಅಂತಿದ್ದರೆ 2008ನೇ ಇಸವಿಯ 23ನೇ ವಾರ. ಹಳೇ ಸ್ಪೋರ್ಟ್ಸ್ ಕಾರುಗಳು ಓಡೋದು ಕಡಿಮೆ, ಹಾಗಾಗಿ ಟೈರ್ ಸವೆಯೋದಿಲ್ಲ, ಆದರೆ ರಬ್ಬರ್ ಕಲ್ಲಾಗಿರುತ್ತದೆ. ತೋಡು ಆಳ ಇದೆ ಅಂತ ಮೋಸ ಹೋಗಬೇಡಿ. ತಂತಿ ಚಕ್ರ ನನಗೆ ತುಂಬಾ ಇಷ್ಟ. ಆದರೂ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಚಕ್ರ ಕೂರುವ ಹಬ್ಬಿನ ಹಲ್ಲುಗಳು ಸವೆದಿದ್ದವು. ಇನ್ನೂ ಜಾಸ್ತಿ ಟಾರ್ಕನ್ನು ಆ ಹಲ್ಲುಗಳಿಗೆ ಕೊಡೋಕೆ ಮನಸ್ಸು ಬರಲಿಲ್ಲ.

ಹಿಂದಿನ ಆಕ್ಸಲ್ ವಿಷಯ ಸ್ವಾರಸ್ಯವಾದದ್ದು. ಎಂಜಿಬಿಯ ಹಿಂದೆ ಇರೋದು ಪಟ್ಟಿ ಸ್ಪ್ರಿಂಗ್, ನಮ್ಮ ಲಾರಿಯವರು ಪಾಟಾ ಅನ್ನುತ್ತಾರಲ್ಲ, ಅದೇ. ಅದು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ತಿರುಚಿಕೊಳ್ಳದ ಹಾಗೆ ಹಿಡಿಯಬೇಕಾದ್ದೂ ಅದೇ. ಜೋರಾಗಿ ಎಳೆತ ಕೊಟ್ಟರೆ ಪಟ್ಟಿ ಹಾವಿನ ಹಾಗೆ ಬಾಗುತ್ತದೆ, ತಡೆಯಲಾರದೆ ಬಿಡುತ್ತದೆ, ಮತ್ತೆ ಬಾಗುತ್ತದೆ. ಟೈರ್ ನೆಲದ ಮೇಲೆ ಟಕಟಕ ಅಂತ ಕುಪ್ಪಳಿಸುತ್ತದೆ. ಶಕ್ತಿ ಇದ್ದೂ ಕಾರು ಮುಂದೆ ಹೋಗೋದಿಲ್ಲ. ಹೊಸ ಸ್ಪ್ರಿಂಗ್ ಹಾಕಿದೆ. ಆಕ್ಸಲ್ ತಿರುಚದ ಹಾಗೆ ಎರಡೂ ಕಡೆ ಒಂದೊಂದು ಕಂಬಿ ಕೊಟ್ಟೆ. ಮುಂದೆ ಸಸ್ಪೆನ್ಷನ್ನಿನ ಕೆಳಗಿನ ತೋಳಿನ ಕೀಲಿಗೆ ವಿ8ನದ್ದೇ ಬುಷ್ ಹಾಕಿದೆ. ಹಳೇ ಬುಷ್ ಬರೀ ರಬ್ಬರ್, ಇದರಲ್ಲಿ ರಬ್ಬರಿನ ಜೊತೆ ಲೋಹದ ಕೊಳವೆಯೂ ಇದೆ. ಎಂಜಿನ್ ಬದಲಿಸದವರೂ ಇದನ್ನು ಹಾಕಿಸಿಕೊಳ್ಳುತ್ತಾರೆ, ಅಷ್ಟು ಒಳ್ಳೆಯ ಬದಲಾವಣೆ, ಅಷ್ಟು ಕಡಿಮೆ ಖರ್ಚು.

ಆಕ್ಸಲ್ ಒಳಗಿನ ಅನುಪಾತ 3.909 ಇತ್ತು, 3.07 ಮಾಡಿದೆ. ಯಾಕೆ ಅಂತ ಕೇಳಿದರೆ, 70 ಮೈಲಿ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹಳೇ ಎಂಜಿನ್ ಸುಮಾರು 3900 ಸುತ್ತು ಹೊಡೆಯುತ್ತಿತ್ತು. ಹೊಸ ಅನುಪಾತದಲ್ಲಿ ಅದು ಸುಮಾರು 3060 ಆಗುತ್ತದೆ. ವಿ8ಗೆ ಕೆಳಗಿನ ಸುತ್ತಿನಲ್ಲೇ ಎಳೆಯುವ ಬಲ ಇದೆ. ಸುಮ್ನೆ ಕಿರುಚಿಸಬೇಕಿಲ್ಲ. ಗೇರ್‌ಬಾಕ್ಸ್ ರೋವರ್ ಎಸ್‌ಡಿ1 ಕಾರಿನ ಐದು ಗೇರಿನದು, ಎಂಜಿನ್ನೂ ಅದೇ ಕಾರಿನದೇ. ಅದರ 155 ಹಾರ್ಸ್‌ಪವರ್ ನನಗೆ ಸಾಕು. ಇದೇ ಎಂಜಿನ್ನಿನ ವಂಶದಲ್ಲಿ 4.6 ಲೀಟರಿನವರೆಗೂ ಇದೆ, ಹೊರಗಿಂದ ನೋಡಿದರೆ ಹೆಚ್ಚುಕಮ್ಮಿ ಅದೇ ಗಾತ್ರ. ಹಾಕಬಹುದಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಹಾಕಬಹುದು. ಆದರೆ ಆಗ ನಾನು ಇಲ್ಲಿಯವರೆಗೆ ಹೇಳಿದ ಪ್ರತಿಯೊಂದನ್ನೂ ಮತ್ತೆ ಲೆಕ್ಕ ಹಾಕಬೇಕು. 50 ವರ್ಷ ದಾಟಿದ ಬಾಡಿಯಿಂದ ಅಷ್ಟು ಕೇಳೋಕೆ ನನಗೆ ಇಷ್ಟವಿಲ್ಲ.

ತಣಿಸುವ ವ್ಯವಸ್ಥೆ, ವೈರಿಂಗ್, ಪೆಟ್ರೋಲ್ ಪೈಪು, ಈ ಮೂರನ್ನೂ ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ಮಾಡುವ ಕೆಲಸದಷ್ಟೇ ಬಿಸಿ ಹೆಚ್ಚುಕಮ್ಮಿ ನೀರಿಗೂ ಹೋಗುತ್ತದೆ. ಹಾಗಾಗಿ ರೇಡಿಯೇಟರ್ ದೊಡ್ಡದಾಗಲೇಬೇಕು, ಮುಂದೆ ಸರಿಯಲೇಬೇಕು. ವೈರಿಂಗ್ ವಿಷಯ: ನನ್ನ ಕಾರಿನಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇದ್ದವು. ತೆಗೆದು 12 ವೋಲ್ಟಿನ ಒಂದು ಹಾಕಿದೆ. ಫ್ಯಾನಿಗೂ ಹೆಡ್‌ಲೈಟಿಗೂ ರಿಲೇ ಕೊಟ್ಟೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಮರೆಯಬೇಡಿ. ಅದಿಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ ಹಿಡಿದುಕೊಂಡು ವಾಪಸು ಹೋಗುತ್ತದೆ, ಕೇಬಲ್ ಕೆಂಪಗೆ ಕಾಯುತ್ತದೆ. ಇನ್ನು ಪೆಟ್ರೋಲ್. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಅದರಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಇರಬಹುದು. ಊರಲ್ಲಿ ಇ20 ಬಂದಿದೆ. ಹಳೇ ರಬ್ಬರ್ ಪೈಪನ್ನು ಎಥನಾಲ್ ತಿನ್ನುತ್ತದೆ. ಊರಲ್ಲಿ ಅಪ್ಪನ ಪದ್ಮಿನಿಯೋ ಅಂಬಾಸಿಡರೋ ಇಟ್ಟುಕೊಂಡಿರುವವರು ಈ ರಜೆಗೆ ಹೋದಾಗ ಪೆಟ್ರೋಲ್ ಪೈಪನ್ನೊಮ್ಮೆ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಾಗಿದ್ದರೂ ಬಿರುಕು ಬಿಟ್ಟಿದ್ದರೂ ಬದಲಿಸಿ.

ಇನ್ನು ಎಂಜಿನ್ ಕೂರುವ ಜಾಗ. 1974ರ ಕೊನೆಯ ಹೊತ್ತಿಗೆ ಎಂಜಿಬಿಗೆ ರಬ್ಬರ್ ಬಂಪರ್ ಬಂತು. ಆ ಕಾರುಗಳ ಎಂಜಿನ್ ಗೂಡು ವಿ8ಗೂ ಹೊಂದುವ ಆಕಾರದ್ದೇ. ನನ್ನದು ಅದಕ್ಕೂ ಹಿಂದಿನ ಕ್ರೋಮ್ ಬಂಪರಿನ ಕಾರು. ಹಾಗಾಗಿ ಒಳಗಿನ ತಗಡನ್ನು ಅಲ್ಲಲ್ಲಿ ತಿದ್ದಬೇಕಾಯಿತು. ಇಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಒಂದು ಸತ್ತ ಎಂಜಿನ್. ಒಡೆದು ಗುಜರಿಗೆ ಹೋಗಲಿದ್ದ ರೋವರ್ ಬ್ಲಾಕ್ ಒಂದನ್ನು ತಂದೆ. ಒಳಗೆ ಕ್ರ್ಯಾಂಕ್ ಇಲ್ಲ, ಪಿಸ್ಟನ್ ಇಲ್ಲ. ಹೆಡ್, ಮುಂದಿನ ಕವರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕೊಳವೆಗಳು) ಮಾತ್ರ ಜೋಡಿಸಿದೆ. ಇದನ್ನು ಇಬ್ಬರು ಎತ್ತಬಹುದು. ಹನ್ನೊಂದು ಸಲ ಒಳಗಿಟ್ಟು ಹನ್ನೊಂದು ಸಲ ತೆಗೆದೆ.

ಮೊದಲ ಸಲ ಇಟ್ಟಾಗ ಸ್ಟೀರಿಂಗ್ ಕಂಬಿ ಮ್ಯಾನಿಫೋಲ್ಡಿಗೆ ತಾಗುತ್ತಿತ್ತು. ಅದಕ್ಕೇ ಕಂಬಿಗೆ ಇನ್ನೊಂದು ಕೀಲು ಕೊಟ್ಟೆ. ಈಗ ನಡುವೆ ನನ್ನ ಹೆಬ್ಬೆರಳು ಹೋಗುವಷ್ಟು ಜಾಗ ಇದೆ. ಆಯಿಲ್ ಫಿಲ್ಟರಿಗೆ ಮುಂದೆ ಕೆಳಗಡೆ ಜಾಗವೇ ಇರಲಿಲ್ಲ. ಅದನ್ನು ಎಂಜಿನ್ನಿನಿಂದ ಬೇರೆ ಮಾಡಿ ಪೈಪ್ ಮೂಲಕ ಪಕ್ಕಕ್ಕೆ ತಂದೆ. ಆಬಿಂಗ್ಡನ್‌ನವರು ಮಾಡಿದ್ದೂ ಅದನ್ನೇ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಎತ್ತರ ನೋಡೋಕೆ ಹಿಟ್ಟಿನ ಉಂಡೆ ಮಾಡಿ ಅದರ ಮೇಲಿಟ್ಟು ಬಾನೆಟ್ ಮುಚ್ಚಿ ತೆಗೆದೆ. ಚಪಾತಿ ಹಿಟ್ಟೇ, ಅಡುಗೆಮನೆಯಿಂದ ತಂದದ್ದು. ಉಂಡೆ ಎಷ್ಟು ಚಪ್ಪಟೆಯಾಯಿತು ಅಂತ ಸ್ಕೇಲ್ ಹಿಡಿದು ಅಳೆದೆ. ಕಾಸ್ಟೆಲ್ಲೋ ಅವರ ಕಾರಿನ ಬಾನೆಟ್ಟಿಗೆ ಉಬ್ಬು ಇತ್ತು. ಕಾರ್ಖಾನೆಯವರು ಎರಡು ಎಸ್‌ಯು ಕಾರ್ಬ್ಯುರೇಟರನ್ನು ಎಂಜಿನ್ನಿನ ಹಿಂಭಾಗಕ್ಕೆ ತಳ್ಳಿ ಬಾನೆಟ್ಟನ್ನು ನುಣುಪಾಗೇ ಉಳಿಸಿಕೊಂಡರು. ನನ್ನದೂ ನುಣುಪಾಗೇ ಉಳಿಯುತ್ತದೆ. ಹಿಟ್ಟಿನ ದಪ್ಪ ಹನ್ನೆರಡು ಮಿಲಿಮೀಟರ್ ಉಳಿದಿತ್ತು. ಆ ದಿನ ಎಷ್ಟು ಖುಷಿಯಾಯಿತು ಅಂತ ಹೇಳೋಕೆ ಆಗೋದಿಲ್ಲ.

ಕಾನೂನಿನ ಮಾತು. ಇಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರಿಗೆ ವರ್ಷದ ಎಂಒಟಿ ತಪಾಸಣೆ ಕಡ್ಡಾಯವಲ್ಲ, 2018ರಿಂದ ಹಾಗಿದೆ. ನಾನು ಮಾತ್ರ ಪ್ರತಿ ವರ್ಷ ಮಾಡಿಸುತ್ತೇನೆ. ಇನ್ನೊಬ್ಬರ ಕಣ್ಣು ಕಾರಿನ ಕೆಳಗೆ ಹೋಗೋದು ಒಳ್ಳೆಯದು. ಎಂಜಿನ್ ಬದಲಿಸಿದರೆ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ ತಿಳಿಸಬೇಕು, ವಿಮೆಯವರಿಗೆ ತಿಳಿಸಬೇಕು. ಮುಚ್ಚಿಡಬೇಡಿ, ನಾಳೆ ಅಪಘಾತವಾದರೆ ವಿಮೆ ಕೈಗೆ ಸಿಗೋದಿಲ್ಲ. ಇದನ್ನೆಲ್ಲ ಕೇಳಿ ಊರಲ್ಲಿ ಮಾಡಿಸೋಣ ಅಂದುಕೊಂಡವರಿಗೆ: ಅಲ್ಲಿನ ನಿಯಮ ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸೋಕೆ ಬಿಡೋದಿಲ್ಲ. ಜೆ.ಸಿ. ರೋಡಿನಲ್ಲಿ ಸಾಮಾನು ಸಿಗುತ್ತದೆ ಅಂತ ಹೊರಡಬೇಡಿ. ಮೊದಲು ಆರ್‌ಟಿಒ ಹತ್ತಿರ ಕೇಳಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಇಷ್ಟೆಲ್ಲ ಮಾಡುವ ಬದಲು ಎಲೆಕ್ಟ್ರಿಕ್ ಮೋಟಾರ್ ಹಾಕಬಹುದಿತ್ತಲ್ಲ? ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ, ಬ್ಯಾಟರಿಯ ಭಾರ ಬೇರೆ. ಸಿಲ್, ಬ್ರೇಕ್, ಆಕ್ಸಲ್ ಕೆಲಸ ಅಲ್ಲೂ ತಪ್ಪೋದಿಲ್ಲ. ಈ ಪಟ್ಟಿಯನ್ನೇ ತಗೊಂಡು ಶುರು ಮಾಡಿ ಅಂದೆ.

ಇನ್ನೊಬ್ಬರು, ಹಳೇ ಎಂಜಿನ್ ಏನು ಮಾಡಿದಿರಿ ಅಂತ ಕೇಳಿದರು. ಮಾರಿಲ್ಲ. ಎಣ್ಣೆ ಹಚ್ಚಿ, ತೂತುಗಳಿಗೆ ಬಟ್ಟೆ ತುರುಕಿ, ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರ ನಂಬರು ಆ ಕಾರಿನ ಜೊತೆ ಹುಟ್ಟಿದ್ದು. ನನ್ನ ನಂತರ ಕಾರು ಯಾರ ಕೈಗೆ ಹೋಗುತ್ತದೋ, ಅವರಿಗೆ ಬೇಕು ಅನಿಸಿದರೆ ಅದನ್ನು ವಾಪಸು ಕೂರಿಸಿಕೊಳ್ಳಲಿ. ಅದಕ್ಕೇ ಹಳೇ ಎಂಜಿನ್ ಹಿಡಿಯುವ ಬ್ರಾಕೆಟ್‌ಗಳನ್ನೂ ಕತ್ತರಿಸಿಲ್ಲ.

ಕೊನೆಗೆ, ಎಂಜಿನ್ ಇಳಿಸೋದು ಯಾವಾಗ ಅಂದರು. ಮುಂದಿನ ತಿಂಗಳ ಎರಡನೇ ಶನಿವಾರ, ಮಳೆ ಬಂದರೂ ಸರಿ. ಕ್ರೇನ್ ಬಾಡಿಗೆಗೆ ಹೇಳಿದ್ದೇನೆ. ಬಾನೆಟ್ ಹಿಡಿದುಕೊಳ್ಳೋಕೆ ಇಬ್ಬರು ಬೇಕು, ಕೆಳಗೆ ಮಲಗಿ ಗೇರ್‌ಬಾಕ್ಸ್ ದಾರಿ ನೋಡೋಕೆ ಒಬ್ಬರು. ಹಳೇ ಬಟ್ಟೆ ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಉಪ್ಪಿಟ್ಟು, ಕಾಫಿ ಮನೆಯಲ್ಲೇ ಇರುತ್ತದೆ.